ಆಂಗ್ಲ ಕವಿತೆಯ ಅಂತ್ಯಪ್ರಾಸವೂ ಪದಾರ್ಥ ವಿಚಾರವೂ

೧

ಪ್ರಾಸವೆಂದರೆ ಅಕ್ಷರಸಾಮ್ಯವೆಂಬ ಭಾವನೆಯು ಕನ್ನಡ ಛಂದಸ್ಸನ್ನು ಅಭ್ಯಾಸಮಾಡಿದವರಲ್ಲಿ ಬಲವಾಗಿ ಬೇರೂರಿರುವುದು. ನಾಗವರ್ಮನು ಛಂದೋಂಬುಧಿಯಲ್ಲಿ ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರು ತೆರನಾಗಿ ವಿಂಗಡಿಸಿದ ಪ್ರಾಸಗಳೆಲ್ಲವೂ ಪಾದದ ಎರಡನೆಯ ಅಕ್ಷರವನ್ನೇ ಆಶ್ರಯಿಸಿಕೊಂಡಿವೆ. ಕನ್ನಡದಲ್ಲಿ ಬರೆದಂತೆ ಓದುವ ಪದ್ಧತಿ ಇರುವುದರಿಂದ ಕಣ್ಣಿಗೆ ಕಂಡ ಅಕ್ಷರಕ್ಕೂ ಕಿವಿಗೆ ಕೇಳಿದ ಧ್ವನಿಗೂ ವ್ಯತ್ಯಾಸವು ಬಹುಶಃ ತೋರದು. ಈ ಸಂಸ್ಕಾರದೊಡನೆ ಆಂಗ್ಲ ಕವಿತೆಯನ್ನು ಓದಲು ತೊಡಗುವವರು, ಪಂಕ್ತಿಯ ಕೊನೆಯಲ್ಲಿ ಸಮಾನವಾದ ಅಕ್ಷರಗಳು ಬರುವುದೇ ಆ ಭಾಷೆಯ ಪ್ರಾಸವೆಂದು ಗ್ರಹಿಸುವುದೂ, ವಿದ್ಯಾರ್ಥಿಗಳಿಗೆ ಹಾಗೆಯೇ ಬೋಧಿಸುವುದೂ ಉಂಟು.

ಈ ಗ್ರಹಿಕೆಯು ಎರಡು ವಿಧದಿಂದ ದುಷ್ಟವಾಗಿದೆ. ಆಂಗ್ಲ ಪ್ರಾಸವು ಶ್ರೋತ್ರಗ್ರಾಹ್ಯವೇ ಹೊರತು ಲಿಪಿಗ್ರಾಹ್ಯವಲ್ಲವೆಂಬುದು ಮೊದಲನೆಯದು. ಆ ಪ್ರಾಸದ ಬೆಲೆಯು ಕೇವಲ ಧ್ವನಿಯಲ್ಲಿಲ್ಲ, ಧ್ವನಿಯಿಂದ ಒಂದುಗೂಡಿದ ಎರಡು ಪದಗಳ ಅರ್ಥಗಳು ಒಂದನ್ನೊಂದು ಎದುರುಗೊಳ್ಳುವ ಬಗೆಯಲ್ಲಿದೆ ಎಂಬುದು ಎರಡನೆಯದು. ಇವೆರಡನ್ನೂ ಉದಾಹರಣೆಗಳೊಡನೆ ವಿಚಾರಿಸಿ, ಅದರಿಂದ ಕನ್ನಡ ಪ್ರಾಸದ ವಿಷಯದಲ್ಲಿ ತಿಳಿದುಬರುವುದೇನೆಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಲಕ್ಷಣ. ಆಂಗ್ಲ ಭಾಷೆಯ ಪ್ರತಿಯೊಂದು ದೀರ್ಘ ಪದದಲ್ಲಿಯೂ ಒಂದು ಸ್ವರವು ಒತ್ತಿನಿಂದ ಉಚ್ಚರಿಸಲ್ಪಡುತ್ತದೆ. ಆ ಒತ್ತುಳ್ಳ ಸ್ವರವೂ ಅದರ ಮುಂದಿನ ಧ್ವನಿಗಳೆಲ್ಲವೂ ಎರಡು ಪದಗಳಲ್ಲಿ ಒಂದೇ ಆಗಿದ್ದು, ಒತ್ತುಳ್ಳ ಸ್ವರದ ಹಿಂದಿನ ವ್ಯಂಜನವು ಮಾತ್ರ ಬೇರೆಯಾಗಿದ್ದರೆ ಪೂರ್ಣಪ್ರಾಸವು ಸಿದ್ಧಿಸುವುದು. ರಾತ್ರಿ ಎಂಬರ್ಥದ ‘ನೈಟ್’, ಬೆಳಕು ಎಂಬರ್ಥದ ‘ಲೈಟ್’ ಇವು ಏಕಸ್ವರದ ಪ್ರಾಸಪದಗಳು. ಇವನ್ನು ಆಂಗ್ಲ ಲಾಕ್ಷಣಿಕರು ಪುರುಷಪ್ರಾಸವೆನ್ನುವರು. ಚಲನೆ ಎಂಬರ್ಥದ ‘ಮೋಷನ್’, ಸಾಗರವೆಂಬರ್ಥದ ‘ಓಷನ್’ ಇವು ದ್ವಿಸ್ವರದವು, ಇವು ಸ್ತ್ರೀಪ್ರಾಸವೆನಿಸುವುವು. ‘ಗ್ಲೋರಿಯಸ್’, ‘ವಿಕ್ಟೋರಿಯಸ್’ ಎಂಬಂಥವು ಇನ್ನೂ ದೀರ್ಘವಾದ ಪ್ರಾಸಗಳು. ಮೊದಲನೆಯದಕ್ಕೆ ಕೀರ್ತಿಯುತವೆಂದೂ ಎರಡನೆಯದಕ್ಕೆ ವಿಜಯಿಯೆಂದೂ ಅರ್ಥ.

ಈ ಲಕ್ಷಣದಲ್ಲಿ ಅಕ್ಷರದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳಿಂದಲೇ ಮುಗಿಯುವ ಐದು ಪದಗಳನ್ನು ನೋಡಬಹುದು: ಮೂಲಕ ಎಂಬರ್ಥದ ‘ಥ್ರೂ’, ಆದರೂ ಎಂಬರ್ಥದ ‘ದೋ’, ಒರಟು ಎಂಬರ್ಥದ ‘ರಫ್’, ಕೆಮ್ಮು ಎಂಬರ್ಥದ ‘ಕಾಫ್’, ಮರದ ಕೊಂಬೆ ಎಂಬರ್ಥದ ‘ಬೌ’. ಲಿಪಿಯಲ್ಲಿ ಇವು ಒಡಹುಟ್ಟಿದವುಗಳಂತೆ ಕಾಣುವುವು. ಉಚ್ಚಾರಣೆಯಲ್ಲಿ ಇವುಗಳೊಳಗೆ ಯಾವ ಎರಡಕ್ಕೂ ಪ್ರಾಸವಿಲ್ಲ. ಇದಕ್ಕೆ ವಿಪರ್ಯಯವಾಗಿ, ನೀಲಿ ಎಂಬರ್ಥದ ‘ಬ್ಲೂ’, ಪಾದರಕ್ಷೆ ಎಂಬರ್ಥದ ‘ಷೂ’, ಎರಡು ಎಂಬರ್ಥದ ‘ಟೂ’, ಹಾರಿತು ಎಂಬರ್ಥದ ‘ಫ್ಲೂ’ ಎಂಬಿವು ಲಿಪಿಯಲ್ಲಿ ಒಂದನ್ನೊಂದು ಹೋಲದಿದ್ದರೂ ‘ಥ್ರೂ’ ಎಂಬುದರೊಡನೆ ನಿರ್ದುಷ್ಟವಾದ ಪ್ರಾಸವನ್ನು ಹೊಂದುವುವು. ಜಾನ್ ವಾಕರ್ ಎಂಬಾತನು ೧೭೭೫ರಲ್ಲಿ ಪ್ರಕಟಿಸಿದ ಪ್ರಾಸಕೋಶದಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದುಹಿಂದಕ್ಕೆ ಓದುವ ಕ್ರಮದಲ್ಲಿ ಜೋಡಿಸಿದನು. ಹೀಗಾಗಿ ಕೆಮ್ಮೂ ಕೊಂಬೆಯೂ ಅಲ್ಲಿ ನೆರೆಹೊರೆಯವುಗಳಾದುವು. ಲಿಪಿಯನ್ನು ನಂಬಿ ಪ್ರಾಸವನ್ನು ಹುಡುಕುವವನಿಗೆ ಒದಗುವ ತೊಡಕು ಇದರಿಂದಲೇ ಸ್ಪಷ್ಟವಾಗುವುದು.

ಲಿಪಿಗೂ ಧ್ವನಿಗೂ ಇಷ್ಟೊಂದು ಅಂತರವೇಕೆ ಎಂದರೆ, ಆಂಗ್ಲ ಭಾಷೆಯ ದೀರ್ಘಸ್ವರಗಳು ಸುಮಾರು ೧೫ನೆಯ ಶತಮಾನದಿಂದ ೧೮ನೆಯ ಶತಮಾನದವರೆಗೆ ಕ್ರಮಕ್ರಮವಾಗಿ ಸ್ಥಾನಪಲ್ಲಟವನ್ನು ಹೊಂದಿದುವು. ಅಷ್ಟರಲ್ಲಿ ಮುದ್ರಣದ ಪ್ರಭಾವದಿಂದ ಬರವಣಿಗೆಯು ಬಹುಮಟ್ಟಿಗೆ ಹಳೆಯ ರೂಪದಲ್ಲಿಯೇ ನೆಲೆನಿಂತಿತು. ಈ ಕಾರಣದಿಂದ ಒಂದು ಕಾಲದಲ್ಲಿ ಶುದ್ಧವಾಗಿದ್ದ ಪ್ರಾಸವು ಮತ್ತೊಂದು ಕಾಲದ ಓದುಗರಿಗೆ ಭಗ್ನವಾಗಿ ಕೇಳಿಸುವುದೂ ಉಂಟು. ಅಲೆಕ್ಸಾಂಡರ್ ಪೋಪ್ ಕವಿಯು ೧೭೧೧ರ ತನ್ನ ವಿಮರ್ಶಾಕಾವ್ಯದಲ್ಲಿ ಕೂಡಿಸು ಎಂಬರ್ಥದ ‘ಜಾಯಿನ್’ ಪದಕ್ಕೆ ಪಂಕ್ತಿ ಎಂಬರ್ಥದ ‘ಲೈನ್’ ಪದವನ್ನು ಪ್ರಾಸವಾಗಿ ಇಟ್ಟಿರುವನು. ಆ ಕಾಲದಲ್ಲಿ ಮೊದಲನೆಯ ಪದವನ್ನು ‘ಜೈನ್’ ಎಂಬಂತೆ ಉಚ್ಚರಿಸುವ ವಾಡಿಕೆಯಿದ್ದುದರಿಂದ ಇಲ್ಲಿ ಕವಿಯ ದೋಷವೇನೂ ಇಲ್ಲ. ‘ಲವ್’ ಎಂಬುದಕ್ಕೆ ‘ಪ್ರೂವ್’, ‘ಮೂವ್’ ಎಂಬಿವನ್ನು ಪ್ರಾಸವಾಗಿ ಇಡುವುದು ಮಾತ್ರ ಉಚ್ಚಾರಣೆ ಬೇರೆಯಾದ ಮೇಲೂ ಕವಿಸಮಯವಾಗಿ ಉಳಿದುಬಂದಿತು; ಇಂಥವನ್ನು ನೇತ್ರಪ್ರಾಸವೆಂದು ಕರೆಯುವರು. ಪ್ರಾಸವೆಂಬರ್ಥದ ‘ರೈಮ್’ ಎಂಬ ಪದದ ಕಥೆಯೂ ಇಂಥದೇ. ಹಳೆಯ ಫ್ರೆಂಚಿನಿಂದ ಬಂದ ಈ ಪದವನ್ನು ಮೊದಲು ಸರಳವಾಗಿ ಬರೆಯುತ್ತಿದ್ದರು. ಲಯವೆಂಬರ್ಥದ ಗ್ರೀಕ್ ಶಬ್ದದ ಸಂಬಂಧವನ್ನು ಭಾವಿಸಿದ ವಿದ್ವಾಂಸರು ತರುವಾಯ ಅದರಲ್ಲಿ ಉಚ್ಚರಿಸದ ಅಕ್ಷರವೊಂದನ್ನು ಸೇರಿಸಿದರು.

೩

ಇನ್ನು ಅರ್ಥದ ವಿಚಾರ. ಸಂಸ್ಕೃತ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರಾಸವು ಶಬ್ದಾಲಂಕಾರವರ್ಗಕ್ಕೆ ಸೇರತಕ್ಕದ್ದು. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಅಂತ್ಯಾನುಪ್ರಾಸವನ್ನು ಶಬ್ದಾಲಂಕಾರಗಳಲ್ಲಿಯೇ ಪರಿಗಣಿಸಿರುವನು. ಒಂದು ಪದದ ಸ್ಥಾನದಲ್ಲಿ ಅದರ ಪರ್ಯಾಯಪದವನ್ನು ಇಟ್ಟರೆ ಅಲಂಕಾರವು ನಾಶವಾಗುವುದಾದರೆ ಅದು ಶಬ್ದಾಲಂಕಾರ, ನಾಶವಾಗದೆ ಉಳಿಯುವುದಾದರೆ ಅರ್ಥಾಲಂಕಾರ ಎಂಬ ಪರೀಕ್ಷೆಯು ಮಮ್ಮಟಾದಿಗಳಿಂದ ಪ್ರಸಿದ್ಧವಾಗಿದೆ. ಈ ಒರೆಗಲ್ಲಿನ ಮೇಲೆ ಆಂಗ್ಲ ಪ್ರಾಸವನ್ನು ಉಜ್ಜಿ ನೋಡುವುದು ಪ್ರಯೋಜನಕರ.

ಗರ್ಭವೆಂಬರ್ಥದ ‘ವೂಮ್’, ಸಮಾಧಿ ಎಂಬರ್ಥದ ‘ಟೂಮ್’ ಎಂಬ ಪದಗಳ ಜೋಡಿಯು ಆಂಗ್ಲ ಕವಿತೆಯಲ್ಲಿ ಸುಪ್ರಸಿದ್ಧವಾದುದು. ಇದೇ ರೀತಿ ಬರೆಯಲ್ಪಡುವ, ಬಾಚಣಿಗೆ ಎಂಬರ್ಥದ ‘ಕೋಮ್’, ಸಿಡಿಗುಂಡು ಎಂಬರ್ಥದ ‘ಬಾಮ್’ ಎಂಬಿವು ಇವುಗಳೊಡನೆ ಪ್ರಾಸವಾಗುವುದಿಲ್ಲ. ಮೊದಲನೆಯ ಪದವು ಆಂಗ್ಲ ಭಾಷೆಯ ದೇಶ್ಯ. ಎರಡನೆಯದು ಗ್ರೀಕಿನಿಂದ ಲ್ಯಾಟಿನ್, ಫ್ರೆಂಚ್ ಭಾಷೆಗಳ ದ್ವಾರಾ ಬಂದುದು. ಇವುಗಳ ನಡುವೆ ಧಾತುಸಂಬಂಧವಿಲ್ಲ. ಧ್ವನಿಸಾಮ್ಯವು ಕೇವಲ ಆಕಸ್ಮಿಕ. ಆದರೆ ಒಂದು ಜೀವಿಯು ಹೊರಡುವ ಮನೆ, ಮತ್ತೊಂದು ಜೀವಿಯು ಸೇರುವ ಮನೆ. ಎರಡೂ ಕತ್ತಲು, ಎರಡೂ ಇಕ್ಕಟ್ಟು, ಎರಡೂ ಮೌನ. ಷೇಕ್ಸ್‌ಪಿಯರ್ ಕವಿಯು ರೋಮಿಯೋ-ಜೂಲಿಯೆಟ್ ನಾಟಕದಲ್ಲಿ ಗಿಡಮೂಲಿಕೆಗಳನ್ನು ಆರಿಸುತ್ತಿರುವ ಸಂನ್ಯಾಸಿಯೊಬ್ಬನ ಬಾಯಿಂದ, ಭೂಮಿಯೇ ಎಲ್ಲಕ್ಕೂ ತಾಯಿ, ಭೂಮಿಯೇ ಎಲ್ಲಕ್ಕೂ ಹೂಳುವ ಕುಣಿ ಎಂಬ ಭಾವವನ್ನು ಈ ಪ್ರಾಸದಲ್ಲಿ ಹೇಳಿಸಿರುವನು. ಇಲ್ಲಿ ‘ಟೂಮ್’ ಎಂಬುದನ್ನು ತೆಗೆದು ಅದೇ ಅರ್ಥದ ‘ಗ್ರೇವ್’ ಎಂಬ ಪದವನ್ನು ಕೊನೆಯಲ್ಲಿ ಇಟ್ಟರೆ ಪ್ರಾಸವು ಹೋಗುವುದು. ಅಷ್ಟೇ ಅಲ್ಲ, ಹುಟ್ಟೂ ಸಾವೂ ಒಂದೇ ಸ್ಥಾನದಲ್ಲಿವೆಯೆಂಬ ಭಾವದ ಬಲವೂ ಅರ್ಧಕ್ಕಿಳಿಯುವುದು. ಪರೀಕ್ಷೆಯ ಪ್ರಕಾರ ಇದು ಶಬ್ದಾಲಂಕಾರವೇ ದಿಟ. ಆದರೆ ಆ ಶಬ್ದವೇ ಇಲ್ಲಿ ಅರ್ಥಕ್ಕೆ ಸಾಕ್ಷಿಯಾಗಿ ನಿಂತಿದೆ. ಉಸಿರು ಎಂಬರ್ಥದ ‘ಬ್ರೆತ್’, ಸಾವು ಎಂಬರ್ಥದ ‘ಡೆತ್’ ಎಂಬ ಜೋಡಿಯೂ ಇಂಥದೇ.

ಅರ್ಥಗಳು ಗಂಭೀರವಾಗಿಯೇ ಎದುರಾಗಬೇಕೆಂಬ ನಿಯಮವಿಲ್ಲ. ಪೋಪ್ ಕವಿಯ ‘ಕೇಶಾಪಹರಣ’ವೆಂಬ ಪರಿಹಾಸಕಾವ್ಯವು ೧೭೧೪ರಲ್ಲಿ ಐದು ಸರ್ಗಗಳ ರೂಪದಲ್ಲಿ ಪ್ರಕಟವಾಯಿತು. ಅದರ ಮೂರನೆಯ ಸರ್ಗದಲ್ಲಿ ಆನ್ ರಾಣಿಯ ಅರಮನೆಯ ಪ್ರಸ್ತಾಪವಿದೆ. ಮೂರು ರಾಜ್ಯಗಳು ವಿಧೇಯವಾಗಿರುವವೆಂದು ಹೇಳುವ ಪಂಕ್ತಿಯು ವಿಧೇಯವಾಗು ಎಂಬರ್ಥದ ‘ಒಬೇ’ ಎಂಬ ಪದದಿಂದ ಮುಗಿಯುವುದು. ಮುಂದಿನ ಪಂಕ್ತಿಯಲ್ಲಿ ರಾಣಿಯು ಅಲ್ಲಿ ಕೆಲವು ವೇಳೆ ಮಂತ್ರಾಲೋಚನೆಯನ್ನೂ ಕೆಲವು ವೇಳೆ ಚಹವನ್ನೂ ಸ್ವೀಕರಿಸುವಳೆಂದು ಹೇಳಿದೆ. ಅದರ ಕೊನೆಯ ಪದ ಚಹ. ಆ ಕಾಲದಲ್ಲಿ ಚಹವನ್ನು ‘ಟೇ’ ಎಂದು ಉಚ್ಚರಿಸುತ್ತಿದ್ದುದರಿಂದ ಪ್ರಾಸವು ಶುದ್ಧವಾಗಿತ್ತು. ರಾಜ್ಯಭಾರದ ಗುರುತ್ವವು ‘ಒಬೇ’ ಎಂಬುದರಲ್ಲಿ ಏರಿ, ‘ಟೇ’ ಎಂಬುದರಲ್ಲಿ ಚಹದ ಬಟ್ಟಲಿಗೆ ಇಳಿಯುವುದು. ಕವಿಯು ಹಾಸ್ಯದ ಮಾತನ್ನೇನೂ ಬಾಯಿಬಿಟ್ಟು ಆಡಿಲ್ಲ. ಎರಡು ಪದಗಳನ್ನು ಒಂದೇ ಧ್ವನಿಯ ತಕ್ಕಡಿಯಲ್ಲಿ ತೂಗಿರುವನು, ಅಷ್ಟೇ. ‘ಟೀ’ ಎಂದು ಓದಿಸಿ, ಕವಿಯು ಇಲ್ಲಿ ಪ್ರಾಸ ತಪ್ಪಿದನೆಂದು ಹೇಳುವ ಉಪಾಧ್ಯಾಯನು ಧ್ವನಿಯನ್ನೂ ಕಳೆದುಕೊಳ್ಳುವನು, ಅದರ ಮೂಲಕ ಬಂದ ಹಾಸ್ಯವನ್ನೂ ಕಳೆದುಕೊಳ್ಳುವನು. ಬೈರನ್ ಕವಿಯು ೧೮೧೯ರಲ್ಲಿ ಪ್ರಕಟವಾದ ‘ಡಾನ್ ಜುವಾನ್’ ಕಾವ್ಯದ ಮೊದಲನೆಯ ಸರ್ಗದಲ್ಲಿ, ಬುದ್ಧಿಶಾಲಿ ಎಂಬರ್ಥದ ಒಂದು ದೊಡ್ಡ ಪದಕ್ಕೆ ಹೆಂಡತಿಯ ಕಾಟಕ್ಕೆ ಸಿಕ್ಕಿದ ಗಂಡಂದಿರನ್ನು ಕುರಿತ ಕೆಲವು ಚಿಕ್ಕ ಪದಗಳನ್ನು ಪೋಣಿಸಿ ಪ್ರಾಸವನ್ನು ಸಾಧಿಸಿರುವುದೂ ಇದೇ ಮಾರ್ಗದ ಚಮತ್ಕಾರ.

ಇದಕ್ಕೆ ಪ್ರತಿಯಾಗಿ, ಅರ್ಥಗಳು ಎದುರಾಗದೆ ಹಳಸಿದ ಜೋಡಿಗಳೂ ಇವೆ. ತಂಗಾಳಿ ಎಂಬರ್ಥದ ‘ಬ್ರೀಜ್’ ಬಂದೊಡನೆ ಮರಗಳು ಎಂಬರ್ಥದ ‘ಟ್ರೀಜ್’ ಬಂದೇ ಬರುವುದೆಂದು ಪೋಪನೇ ತನ್ನ ವಿಮರ್ಶಾಕಾವ್ಯದಲ್ಲಿ ಅಲ್ಪಕವಿಗಳನ್ನು ಅಣಕಿಸಿದ್ದಾನೆ. ಪ್ರೇಮವೆಂಬರ್ಥದ ‘ಲವ್’ ಪದದ ಅವಸ್ಥೆಯು ಇನ್ನೂ ಶೋಚನೀಯ. ಇದಕ್ಕೆ ಬಳಕೆಯಲ್ಲಿರುವ ಶುದ್ಧ ಪ್ರಾಸಪದಗಳು ಪಾರಿವಾಳವೆಂಬರ್ಥದ ‘ಡವ್’, ಕೈಗವಸು ಎಂಬರ್ಥದ ‘ಗ್ಲವ್’, ಮೇಲೆ ಎಂಬರ್ಥದ ‘ಅಬವ್’, ನೂಕು ಎಂಬರ್ಥದ ‘ಷವ್’ ಎಂಬಿಷ್ಟೇ. ಕವಿಗಳು ಅತಿಹೆಚ್ಚಾಗಿ ಬಳಸಬೇಕಾದ ಪದಕ್ಕೆ ಭಾಷೆಯು ಅತಿಕಡಿಮೆ ಸಂಗಾತಿಗಳನ್ನು ಕೊಟ್ಟಿರುವುದರಿಂದ ಆಂಗ್ಲ ಶೃಂಗಾರಗೀತಗಳಲ್ಲಿ ಪಾರಿವಾಳಗಳ ಹಾರಾಟವೂ ಮೇಲಿನ ಆಕಾಶದ ವರ್ಣನೆಯೂ ಅತಿಯಾದುವು. ತಿಂಗಳೆಂಬರ್ಥದ ‘ಮಂತ್’, ಬೆಳ್ಳಿ ಎಂಬರ್ಥದ ‘ಸಿಲ್ವರ್’ ಎಂಬಿವಕ್ಕಂತೂ ಬಳಕೆಯ ಮಾತಿನಲ್ಲಿ ಪ್ರಾಸಪದವೇ ದೊರೆಯದು.

ಅಮೆರಿಕದ ವಿಮರ್ಶಕ ವಿಲಿಯಂ ವಿಮ್ಸಾಟ್ ೧೯೪೪ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ವ್ಯಾಕರಣದೃಷ್ಟಿಯಿಂದ ಚರ್ಚಿಸಿದನು. ನಾಮಪದವು ಕ್ರಿಯಾಪದದೊಡನೆ, ವಿಶೇಷಣವು ನಾಮಪದದೊಡನೆ ಪ್ರಾಸವಾದಾಗ ಅರ್ಥದ ಅಂತರವು ಹೆಚ್ಚಿ ಪ್ರಾಸವು ಸಚೇತನವಾಗುವುದೆಂದೂ, ಪೋಪನ ಪ್ರಾಸಗಳು ಚಾಸರ್ ಕವಿಯವುಗಳಿಗಿಂತ ಈ ವಿಷಯದಲ್ಲಿ ಮುಂದುವರಿದವುಗಳೆಂದೂ ಅವನು ಪ್ರತಿಪಾದಿಸಿದನು. ಮೇಲೆ ಹೇಳಿದ ‘ಒಬೇ’ ಕ್ರಿಯಾಪದ, ‘ಟೇ’ ನಾಮಪದ ಎಂಬುದನ್ನು ಇಲ್ಲಿ ಸ್ಮರಿಸಬಹುದು.

೪

ಧ್ವನಿಯು ಪೂರ್ಣವಾಗಿ ಒಂದೇ ಆಗಿದ್ದು ಅರ್ಥವು ಬೇರೆಯಾಗಿದ್ದರೆ ಅದು ಪ್ರಾಸವಾಗುವುದೇ ಎಂಬ ಪ್ರಶ್ನೆ ಸಂಸ್ಕೃತಜ್ಞರಿಗೆ ಸಹಜವಾಗಿ ಏಳುವುದು; ಏಕೆಂದರೆ ಅದೇ ಯಮಕದ ಲಕ್ಷಣ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಯಮಕವನ್ನು ವಿಸ್ತಾರವಾಗಿ ವಿವರಿಸಿರುವನು. ಆಂಗ್ಲ ಭಾಷೆಯಲ್ಲಿ ರಾತ್ರಿಯೆಂಬ ‘ನೈಟ್’, ವೀರಭಟನೆಂಬ ‘ನೈಟ್’. ಸೂರ್ಯನೆಂಬ ‘ಸನ್’, ಮಗನೆಂಬ ‘ಸನ್’ ಮುಂತಾದ ಸಮಧ್ವನಿಪದಗಳಿಗೆ ಕೊರತೆಯಿಲ್ಲ. ೧೪ನೆಯ ಶತಮಾನದ ಚಾಸರ್ ಕವಿಯು ಇಂಥ ಜೋಡಿಗಳನ್ನು ಸಂತೋಷದಿಂದಲೇ ಬಳಸಿದನು. ಕ್ಯಾಂಟರ್‌ಬರಿ ಕಥೆಗಳ ಪ್ರಸ್ತಾವನೆಯ ಮೊದಲನೆಯ ವಾಕ್ಯದ ಕೊನೆಯಲ್ಲಿ, ಅರಸು ಎಂಬ ಅರ್ಥದ ಕ್ರಿಯಾಪದವೂ ರೋಗಪೀಡಿತರೆಂಬ ಅರ್ಥದ ವಿಶೇಷಣವೂ ಅಂದಿನ ಉಚ್ಚಾರಣೆಯಲ್ಲಿ ‘ಸೇಕೆ’ ಎಂಬ ಒಂದೇ ಧ್ವನಿಯಾಗಿ ಪ್ರಾಸಗೊಂಡಿವೆ. ರೋಗದಲ್ಲಿ ನೆರವಾದ ಸಂತನನ್ನು ಅರಸಿ ಹೋಗುವ ಯಾತ್ರಿಕರ ಪ್ರಸಂಗ ಅದು. ಅರಸುವಿಕೆಗೂ ರೋಗಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು ಯಮಕವೇ ಸೂಚಿಸುವುದು. ಫ್ರೆಂಚ್ ಕವಿಗಳು ಈ ಬಗೆಯನ್ನು ಸಮೃದ್ಧಪ್ರಾಸವೆಂದು ಗೌರವಿಸಿದರು. ಆದರೆ ಚಾಸರನ ತರುವಾಯದ ಆಂಗ್ಲ ಕವಿಗಳು ಇದನ್ನು ಬಹುಮಟ್ಟಿಗೆ ತೊರೆದರು. ಆರಂಭದ ವ್ಯಂಜನವು ಬೇರೆಯಾಗಿಯೇ ಇರಬೇಕೆಂಬ ನಿಯಮವು ದೃಢವಾಯಿತು. ಅದೇ ಪದವು ಅದೇ ಅರ್ಥದಲ್ಲಿ ಪುನರಾವರ್ತಿತವಾಗಿ ತಾತ್ಪರ್ಯ ಮಾತ್ರ ಭೇದಿಸುವ ಲಾಟಾನುಪ್ರಾಸವನ್ನಂತೂ ಅವರು ಪ್ರಾಸವೆಂದು ಎಣಿಸಲಿಲ್ಲ.

೫

ಆಂಗ್ಲ ಕವಿತೆಯು ಮೊದಲಿನಿಂದಲೂ ಅಂತ್ಯಪ್ರಾಸದ್ದಲ್ಲವೆಂಬುದನ್ನು ಈಗ ಹೇಳಬೇಕಾಗಿದೆ. ಬೇವುಲ್ಫ್ ಮೊದಲಾದ ಪ್ರಾಚೀನ ಆಂಗ್ಲ ಕಾವ್ಯಗಳಲ್ಲಿ ಪಂಕ್ತಿಯ ಎರಡು ಭಾಗಗಳನ್ನು ಬೆಸೆಯುತ್ತಿದ್ದುದು ಒತ್ತುಳ್ಳ ಪದಗಳ ಆದಿಧ್ವನಿಯ ಸಾಮ್ಯ. ಆ ಕಾಲದ ಆಂಗ್ಲ ಭಾಷೆಯಲ್ಲಿ ವಿಭಕ್ತಿಪ್ರತ್ಯಯಗಳೂ ಆಖ್ಯಾತಪ್ರತ್ಯಯಗಳೂ ವಿಶೇಷವಾಗಿದ್ದುವು. ಒತ್ತು ಸಾಮಾನ್ಯವಾಗಿ ಪ್ರಕೃತಿಯ ಮೊದಲ ಸ್ವರದ ಮೇಲೆ ಬೀಳುತ್ತಿದ್ದಿತು. ಅರ್ಥವನ್ನು ಹೊತ್ತ ಪ್ರಕೃತಿಯು ಪದದ ಆದಿಯಲ್ಲಿದ್ದುದರಿಂದ ಪದ್ಯದ ಬೆಸುಗೆಯೂ ಆದಿಯಲ್ಲಿಯೇ ಇದ್ದಿತು. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಕಾವ್ಯಗಳ ಮಾದರಿಯೂ, ಅದಕ್ಕೆ ಮೊದಲೇ ಪರಿಚಿತವಾಗಿದ್ದ ಲ್ಯಾಟಿನ್ ಸ್ತೋತ್ರಗಳ ಮಾದರಿಯೂ ಸೇರಿ ಅಂತ್ಯಪ್ರಾಸವು ಪ್ರಬಲವಾಯಿತು. ಅದೇ ಶತಮಾನಗಳಲ್ಲಿ ಆಂಗ್ಲ ಭಾಷೆಯ ಪ್ರತ್ಯಯಗಳು ಸವೆದುಹೋದುವು. ಪ್ರತ್ಯಯವು ಕಳಚಿದ ಮೇಲೆ ಪದದ ಅಂತ್ಯವೆಂದರೆ ಪ್ರಕೃತಿಯ ಅಂತ್ಯವೇ ಆಯಿತು. ಹೀಗೆ ಹೊರಗಿನಿಂದ ಬಂದ ಅಲಂಕಾರಕ್ಕೆ ಭಾಷೆಯೊಳಗೇ ಅನುಕೂಲವಾದ ನೆಲ ಸಿದ್ಧವಾಯಿತು. ‘ನೈಟ್’, ‘ಲೈಟ್’, ‘ಡೆತ್’, ‘ಬ್ರೆತ್’ ಎಂಬ ಪದಗಳಲ್ಲಿ ಪ್ರಾಸವು ತಗಲುವುದು ಪ್ರಕೃತಿಗೇ, ಅರ್ಥಾತ್ ಅರ್ಥಕ್ಕೇ.

ಉಳಿದ ಕೆಲವು ಪ್ರತ್ಯಯಗಳ ವಿಷಯದಲ್ಲಿಯೂ ಪ್ರಾಸನಿಯಮವು ಎಚ್ಚರಿಕೆ ವಹಿಸಿದೆ. ಹಾಡುವಿಕೆ ಎಂಬರ್ಥದ ‘ಸಿಂಗಿಂಗ್’, ನಡೆಯುವಿಕೆ ಎಂಬರ್ಥದ ‘ವಾಕಿಂಗ್’ ಎರಡೂ ‘ಇಂಗ್’ ಎಂಬುದರಿಂದಲೇ ಮುಗಿದರೂ ಪ್ರಾಸವಾಗವು. ಒತ್ತು ಧಾತುವಿನ ಮೇಲಿರುವುದರಿಂದ ‘ಸಿಂಗಿಂಗ್’ ಎಂಬುದಕ್ಕೆ ತರುವಿಕೆ ಎಂಬರ್ಥದ ‘ಬ್ರಿಂಗಿಂಗ್’ ಎಂಬಂಥ ಪದವೇ ಬೇಕು. ಪ್ರತ್ಯಯಸಾಮ್ಯಮಾತ್ರದಿಂದ ಪ್ರಾಸವಿಲ್ಲವೆಂಬುದು ಇದರ ಸಾರ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಇಟಲಿಯ ಭಾಷೆಯಲ್ಲಿ ಪ್ರತ್ಯಯಗಳು ಹೇರಳವಾಗಿದ್ದರೂ ಡಾಂಟೆ ಕವಿಯ ಮಹಾಕಾವ್ಯವು ಆದ್ಯಂತವೂ ಅಂತ್ಯಪ್ರಾಸದಲ್ಲಿದೆ. ಜಯದೇವನ ಗೀತಗೋವಿಂದದ ಗೀತಗಳೂ ಸಂಸ್ಕೃತದಲ್ಲಿದ್ದು ಅಂತ್ಯಪ್ರಾಸದಿಂದ ಶೋಭಿಸುತ್ತವೆ. ಆದ್ದರಿಂದ ಪ್ರತ್ಯಯಕ್ಕೂ ಪ್ರಾಸಸ್ಥಾನಕ್ಕೂ ಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ ಎಂದು. ಆಂಗ್ಲ ಭಾಷೆಯಲ್ಲಿಯೇ ಮಿಲ್ಟನ್ ಮಹಾಕವಿಯು ೧೬೬೭ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಪ್ರಾಸವಿಲ್ಲದೆ ರಚಿಸಿ, ೧೬೬೮ರಲ್ಲಿ ಅದಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ಪ್ರಾಸವನ್ನು ಅನಾಗರಿಕ ಕಾಲದ ಸೃಷ್ಟಿಯೆಂದು ನಿಂದಿಸಿದನೆಂಬುದನ್ನೂ ಎತ್ತಿ ತೋರಿಸಬಹುದು. ಸಮಾಧಾನವೇನೆಂದರೆ, ಹೇಳಿದುದು ಅನುಲ್ಲಂಘನೀಯವಾದ ನಿಯಮವಲ್ಲ, ಪ್ರವೃತ್ತಿ ಮಾತ್ರ. ಇಟಲಿಯ ಭಾಷೆಯಲ್ಲಿ ಪ್ರಾಸವು ಸುಲಭವಾಗಿರುವುದರಿಂದಲೇ ಡಾಂಟೆಯು ಒಂದೊಂದು ಧ್ವನಿಯನ್ನೂ ಮೂರು ಮೂರು ಸಲ ಹೆಣೆಯುವ ಕಠಿನವಾದ ಬಂಧವನ್ನು ನಿರ್ವಹಿಸಲು ಸಾಧ್ಯವಾಯಿತು. ಜಯದೇವನ ಗೀತಗಳು ಗಾನಪ್ರಧಾನವಾದುವು. ಅಲ್ಲಿ ಅಂತ್ಯಧ್ವನಿಯು ತಾಳಕ್ಕೆ ನೆರವಾಗುವುದು. ಮಿಲ್ಟನ್ನನಾದರೋ ತಾರುಣ್ಯದಲ್ಲಿ ಪ್ರಾಸಬದ್ಧವಾಗಿ ಬರೆದವನೇ. ಅವನು ತೊರೆದುದು ದೀರ್ಘಕಾವ್ಯದ ವಾಕ್ಯಪ್ರವಾಹಕ್ಕೆ ಅಡ್ಡಬರುವ ಪ್ರಾಸವನ್ನು.

೬

ಈ ದೃಷ್ಟಿಯಿಂದ ಕನ್ನಡದ ಆದಿಪ್ರಾಸವನ್ನು ನೋಡಿದರೆ ಅದು ಕೇವಲ ಸಂಪ್ರದಾಯದ ಸಂಕೋಲೆಯೆಂಬ ಆಕ್ಷೇಪವು ಸಡಿಲವಾಗುವುದು. ಕನ್ನಡದಲ್ಲಿ ಪ್ರಕೃತಿಯು ಆದಿಯಲ್ಲಿಯೂ ಪ್ರತ್ಯಯವು ಅಂತ್ಯದಲ್ಲಿಯೂ ಇರುವುವು. ಮಾಡಿದನು, ನೋಡಿದನು, ಬೇಡಿದನು ಎಂಬಲ್ಲಿ ಎರಡನೆಯ ಅಕ್ಷರವಾದ ಡಕಾರವು ಧಾತುವಿಗೆ ಸೇರಿದ್ದು. ಹಿಂದಿನ ಸ್ವರವು ದೀರ್ಘವಾಗಿರುವುದರಿಂದ ಇದು ಗಜಪ್ರಾಸ. ಕೊನೆಯ ‘ಇದನು’ ಎಂಬುದಾದರೋ ಅಸಂಖ್ಯಾತ ಕ್ರಿಯಾಪದಗಳಿಗೆ ಸಾಧಾರಣವಾದ ಬಾಲ. ಪ್ರಾಚೀನರು ಪ್ರಾಸವನ್ನು ಎರಡನೆಯ ಅಕ್ಷರದಲ್ಲಿ ನಿಯಮಿಸಿದುದರಿಂದ ಅದು ಬಹುಮಟ್ಟಿಗೆ ಅರ್ಥವತ್ತಾದ ಭಾಗಕ್ಕೇ ತಗಲಿತು. ಕನ್ನಡ ಪ್ರಾಸದಲ್ಲಿ ವ್ಯಂಜನವು ಸ್ಥಿರವಾಗಿದ್ದು ಸ್ವರಗಳು ಬದಲಾಗಬಹುದು; ಕಡಲು, ಒಡಲು, ಸಿಡಿಲು ಎಂಬಿವು ಸಿಂಹಪ್ರಾಸಕ್ಕೆ ಸಲ್ಲುವುವು. ಆಂಗ್ಲ ಪೂರ್ಣಪ್ರಾಸದಲ್ಲಿ ಸ್ವರವೂ ಸ್ಥಿರವಾಗಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ೧೯೧೮ರಲ್ಲಿ ಮಡಿದ ವಿಲ್ಫ್ರೆಡ್ ಓವೆನ್ ಎಂಬ ತರುಣಕವಿಯು ಮಾತ್ರ ವ್ಯಂಜನಗಳನ್ನು ಉಳಿಸಿ ಸ್ವರವನ್ನು ಕದಲಿಸುವ ಹೊಸ ಪ್ರಾಸವನ್ನು ಪ್ರಯೋಗಿಸಿದನು. ಅಂಗಣವೆಂಬರ್ಥದ ‘ಹಾಲ್’ ಪದಕ್ಕೆ ನರಕವೆಂಬರ್ಥದ ‘ಹೆಲ್’ ಪದವನ್ನು ಜೋಡಿಸಿದನು. ಯುದ್ಧದ ವಿಷಯಕ್ಕೆ ಪೂರ್ಣಪ್ರಾಸದ ಇಂಪಿಗಿಂತ ಈ ಒಡಕು ಧ್ವನಿಯೇ ಉಚಿತವಾಗಿ ಒದಗಿತು.

ರಗಳೆಯಲ್ಲಿ ಎರಡೆರಡು ಪಾದಗಳಿಗೆ ಅಂತ್ಯಪ್ರಾಸವು ಬರುವುದು ಕನ್ನಡಕ್ಕೆ ಹಿಂದಿನಿಂದಲೂ ತಿಳಿದ ವಿಷಯವೇ. ೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ತ್ಯಜಿಸಿದ ಮೇಲೆಯೂ, ೧೯೨೦ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸ ಮಾದರಿಗಳನ್ನು ತೋರಿಸಿದ ಮೇಲೆಯೂ ಅಂತ್ಯಪ್ರಾಸಕ್ಕೆ ವಿಶೇಷ ಪ್ರಚಾರವಾಯಿತು. ಆ ಮಾರ್ಗವನ್ನು ಅನುಸರಿಸುವವರು ಮೇಲ್ಕಂಡ ಭೇದವನ್ನು ಮರೆಯದಿರುವುದು ಒಳ್ಳೆಯದು. ‘ಮನೆಯಲ್ಲಿ’, ‘ಬನದಲ್ಲಿ’ ಎಂದು ಸಪ್ತಮಿಗೆ ಸಪ್ತಮಿಯನ್ನು ಕೂಡಿಸಿದರೆ ಧ್ವನಿಸಾಮ್ಯವೇನೋ ಇರುವುದು; ಆದರೆ ಅದು ವ್ಯಾಕರಣವು ಪುಕ್ಕಟೆಯಾಗಿ ಕೊಟ್ಟದ್ದು. ‘ಕಡಲು’, ‘ಒಡಲು’ ಎಂದು ಪ್ರಕೃತಿಗೆ ಪ್ರಕೃತಿಯನ್ನು ಕೂಡಿಸಿದರೆ ಕವಿಯು ಎರಡು ಅರ್ಥಗಳನ್ನು ಎದುರುಬದುರಾಗಿ ನಿಲ್ಲಿಸಿದಂತಾಗುವುದು.

ಆದುದರಿಂದ ಆಂಗ್ಲ ಪದ್ಯವನ್ನು ಪಾಠಹೇಳುವವರು ಪ್ರಾಸಪದಗಳ ಕೆಳಗೆ ಗೆರೆಯೆಳೆಸಿ ಮುಂದೆ ಹೋಗುವುದು ಸಾಲದು. ಪದಗಳನ್ನು ಮೊದಲು ಗಟ್ಟಿಯಾಗಿ ಓದಿಸಿ, ಪ್ರಾಸವು ಕಿವಿಗೆ ಸಿದ್ಧಿಸುವುದೇ ಎಂದು ನೋಡಿಸಬೇಕು. ಸಿದ್ಧಿಸದಿದ್ದರೆ ಕವಿಯ ಕಾಲದ ಉಚ್ಚಾರಣೆಯನ್ನು ವಿಚಾರಿಸಬೇಕು. ಅನಂತರ ಆ ಎರಡು ಪದಗಳ ಅರ್ಥಗಳನ್ನು ಪಕ್ಕಪಕ್ಕದಲ್ಲಿ ಬರೆಯಿಸಿ, ಅವು ಸ್ನೇಹದಿಂದ ಕೂಡಿವೆಯೇ, ವಿರೋಧದಿಂದ ಕೂಡಿವೆಯೇ, ಬರಿಯ ಅಭ್ಯಾಸದಿಂದ ಕೂಡಿವೆಯೇ ಎಂದು ಕೇಳಬೇಕು. ಇದೇ ಪ್ರಶ್ನೆಯನ್ನು ಪಂಪನ ಪದ್ಯದ ಎರಡನೆಯ ಅಕ್ಷರದ ವಿಷಯದಲ್ಲಿ ಕೇಳಿದರೂ ಉತ್ತರವು ದೊರೆಯುವುದು.